‘ದಕ್ಕಿಸಿಕೊಳ್ಳು’: ಫುಟ್‌ಬಾಲ್ ಮಾತಿಗೆ ಈ ಪದ ಹೊಂದುತ್ತದೆಯೇ?

ಬಳಗದ ಎಲ್ಲರಿಗೂ ಬೆಳಗಾವಿಯಿಂದ ನಮಸ್ಕಾರ.

ಒಂದು ಪದ ಬೇಕಾಗಿದೆ. ಫುಟ್‌ಬಾಲ್‌ನಲ್ಲಿ ಗೋಲು ಹೊಡೆದು ಮುಂದಾದ ತಂಡ ಉಳಿದ ಹೊತ್ತನ್ನು ಜಾಣತನದಿಂದ ಆಡಬೇಕು. ಆ ಮುನ್ನಡೆಯನ್ನು ಕೊನೆಯ ಸೀಟಿಯವರೆಗೂ ಕೈಬಿಡಬಾರದು. ಇದಕ್ಕೆ ಇಂಗ್ಲಿಷ್ ಕಾಮೆಂಟರಿಯಲ್ಲಿ ‘ಗೇಮ್ ಮ್ಯಾನೇಜ್‌ಮೆಂಟ್’ ಅಂತಾರೆ. ಕನ್ನಡದಲ್ಲಿ ಏನು ಹೇಳೋಣ? ನನ್ನ ಹತ್ತಿರ ಒಂದು ಪದ ಇದೆ. ಅದರ ಬಗ್ಗೆ ಒಂದು ಅನುಮಾನವೂ ಇದೆ.

ಯಾಕೆ ಬೇಕು ಎಂದು ಮೊದಲು ಹೇಳುತ್ತೇನೆ. ನಾನು ಬೆಂಗಳೂರು ಎಫ್‌ಸಿ ಅಭಿಮಾನಿ. 2013ರಲ್ಲಿ ಕ್ಲಬ್ ಶುರುವಾದಾಗಿನಿಂದ ನೋಡುತ್ತಿದ್ದೇನೆ. ಬೆಂಗಳೂರು ನಮಗೆ ಸುಮಾರು 500 ಕಿಲೋಮೀಟರ್ ದೂರ. ಅಲ್ಲಿಯ ಕಂಠೀರವ ಕ್ರೀಡಾಂಗಣಕ್ಕೆ ವರ್ಷಕ್ಕೆ ಒಮ್ಮೆ ಹೋದರೆ ಜಾಸ್ತಿ. ಗೋವಾದ ಫತೋರ್ಡಾ ಕ್ರೀಡಾಂಗಣ ಹತ್ತಿರ. ಬೆಳಿಗ್ಗೆ ಹೊರಟು ಚೋರ್ಲಾ ಘಾಟ್ ಇಳಿದರೆ ಮಧ್ಯಾಹ್ನದ ಊಟ ಅಲ್ಲೇ. ಪ್ರತಿ ಪಂದ್ಯ ಮುಗಿದ ಮೇಲೆ ಕನ್ನಡದಲ್ಲಿ ಎರಡು ಪುಟ ಬರೆದು ಕ್ಯಾಂಪ್, ಟಿಳಕವಾಡಿ, ಶಹಾಪುರದ ಗೆಳೆಯರಿಗೆ ಕಳಿಸುತ್ತೇನೆ. ಗೋಲು, ಪಾಸು, ಕಾರ್ನರ್, ಪೆನಾಲ್ಟಿ ಬರೆಯಲು ತೊಂದರೆ ಇಲ್ಲ. ಅವು ಎಲ್ಲರ ಬಾಯಲ್ಲಿ ಇವೆ, ಹಾಗೇ ಇರಲಿ. ಆದರೆ ಮುನ್ನಡೆ ಕೈಬಿಟ್ಟ ಕಥೆ ಬಂದಾಗ ಪೆನ್ನು ನಿಲ್ಲುತ್ತದೆ. ನಮ್ಮ ಕ್ಲಬ್ಬಿನ ನೋವು ಇರುವುದೂ ಸರಿಯಾಗಿ ಅಲ್ಲೇ.

ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ಗಳನ್ನೇ ನೋಡಿ. 2018ರ ಮಾರ್ಚ್ 17, ಕಂಠೀರವ. ಲೀಗ್‌ನಲ್ಲಿ ಮೊದಲ ಸ್ಥಾನ ಪಡೆದು ಬಂದಿದ್ದೆವು. 9ನೇ ನಿಮಿಷದಲ್ಲಿ ಸುನಿಲ್ ಛೆಟ್ರಿ ಗೋಲು ಹೊಡೆದರು. 17ನೇ ನಿಮಿಷಕ್ಕೆ ಎದುರಾಳಿ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಕಾರ್ನರ್‌ಗೆ ತಲೆ ಕೊಟ್ಟು ಸಮ ಮಾಡಿದರು. ಮೊದಲರ್ಧ ಮುಗಿಯುವ ಹೊತ್ತಿಗೆ ಅದೇ ಆಟಗಾರ, ಮತ್ತೆ ಕಾರ್ನರ್, ಮತ್ತೆ ತಲೆ. ಕೊನೆಗೆ 3-2ರಲ್ಲಿ ಸೋತೆವು.

2023ರ ಮಾರ್ಚ್ 18, ಫತೋರ್ಡಾ. ಈ ಪಂದ್ಯಕ್ಕೆ ನಾವು ಐದು ಜನ ಹೋಗಿದ್ದೆವು. ಎಟಿಕೆ ಮೋಹನ್ ಬಾಗಾನ್ ಮೊದಲು ಮುಂದಾಯಿತು. ಮೊದಲರ್ಧದ ಕೊನೆಗೆ ಛೆಟ್ರಿ ಪೆನಾಲ್ಟಿಯಲ್ಲಿ ಸಮ ಮಾಡಿದರು. 78ನೇ ನಿಮಿಷದಲ್ಲಿ ನಮ್ಮ ರಾಯ್ ಕೃಷ್ಣ ಗೋಲು ಹೊಡೆದಾಗ ನಾವು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತಿದ್ದೆವು. ಏಳು ನಿಮಿಷಕ್ಕೆ ಪೆನಾಲ್ಟಿ ಕೊಟ್ಟೆವು. ಅವರ ಪೆಟ್ರಾಟೋಸ್ ಹೊಡೆದರು, 2-2 ಆಯಿತು. ಶೂಟೌಟ್‌ನಲ್ಲಿ 4-3ಕ್ಕೆ ಸೋತೆವು. ಘಾಟ್ ಹತ್ತುವಾಗ ಕಾರಿನಲ್ಲಿ ಒಬ್ಬರೂ ಮಾತಾಡಲಿಲ್ಲ.

2025ರ ಏಪ್ರಿಲ್ 12, ಕೋಲ್ಕತ್ತ. ಎದುರಿಗೆ ಮತ್ತೆ ಮೋಹನ್ ಬಾಗಾನ್. 49ನೇ ನಿಮಿಷದಲ್ಲಿ ಅವರ ಆಟಗಾರನ ಕಾಲಿನಿಂದಲೇ ನಮಗೆ ಗೋಲು ಬಂತು. 72ರಲ್ಲಿ ಮತ್ತೆ ಪೆನಾಲ್ಟಿ ಕೊಟ್ಟೆವು. ಹೆಚ್ಚುವರಿ ಸಮಯದಲ್ಲಿ 2-1ಕ್ಕೆ ಸೋತೆವು.

ಮೂರು ಫೈನಲ್ ಸೋತಿದ್ದೇವೆ. ಮೂರರಲ್ಲೂ ಒಂದು ಹೊತ್ತಿನಲ್ಲಿ ನಾವೇ ಮುಂದಿದ್ದೆವು. ಗೋಲು ಹೊಡೆಯಲು ಬಾರದ ತಂಡ ಇದಲ್ಲ.

ಈಗ ಪದದ ವಿಷಯ. ಪತ್ರಿಕೆಗಳಲ್ಲಿ ಬರುವುದು ‘ಮುನ್ನಡೆ ಕಾಯ್ದುಕೊಂಡಿತು’, ‘ಕಾಯ್ದುಕೊಳ್ಳುವಲ್ಲಿ ವಿಫಲವಾಯಿತು’. ಕೆಟ್ಟ ಮಾತಲ್ಲ. ಆದರೆ ‘ಕಾಯು’ ಎಂಬುದರಲ್ಲಿ ಎರಡು ಅರ್ಥ ಕೂತಿವೆ. ಹೊಲ ಕಾಯುವುದು ಒಂದು, ಹಾದಿ ಕಾಯುವುದು ಇನ್ನೊಂದು. ಹೊಲ ಕಾಯುವವನು ಕವಣೆ ಹಿಡಿದು ಎದ್ದು ನಿಂತಿರುತ್ತಾನೆ. ಹಾದಿ ಕಾಯುವವನು ಸುಮ್ನೆ ಕೂತಿರುತ್ತಾನೆ. ನಮ್ಮ ತಂಡ ಮುಂದಾದ ಮೇಲೆ ಆಗುವುದು ಈ ಎರಡನೆಯದು ಎಂದು ನನಗೆ ಅನಿಸುತ್ತದೆ. ಆಟಗಾರರು ನಿಧಾನವಾಗಿ ಹಿಂದೆ ಹಿಂದೆ ಸರಿಯುತ್ತಾರೆ. ಚೆಂಡು ಸಿಕ್ಕರೆ ದೂರ ಒದೆಯುತ್ತಾರೆ, ಅದು ತಕ್ಷಣ ತಿರುಗಿ ಬರುತ್ತದೆ. ಎದುರಾಳಿ ನಮ್ಮ ಪೆನಾಲ್ಟಿ ಬಾಕ್ಸಿನ ಬಾಗಿಲಿಗೇ ಬಂದು ನಿಲ್ಲುತ್ತಾನೆ. ಅಷ್ಟು ಹತ್ತಿರ ಬಿಟ್ಟುಕೊಂಡರೆ ಒಂದು ಕಾರ್ನರ್, ಒಂದು ಕೈ ತಾಗಿದ್ದು, ಒಂದು ತಡವಾದ ಟ್ಯಾಕಲ್ ಸಾಕು. 2023 ಮತ್ತು 2025ರಲ್ಲಿ ಸಮ ಆಗಿದ್ದು ಪೆನಾಲ್ಟಿಯಿಂದ, 2018ರಲ್ಲಿ ಕಾರ್ನರ್‌ನಿಂದ. ಹೀಗಿರುವಾಗ ‘ಮುನ್ನಡೆ ಕಾಯ್ದರು’ ಎಂದು ಬರೆದರೆ ಓದುವವರಿಗೆ ಕಾವಲು ಕಾಣುತ್ತದೋ, ಸೀಟಿಯ ಹಾದಿ ನೋಡುತ್ತಾ ನಿಂತದ್ದು ಕಾಣುತ್ತದೋ?

‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ’ ಎಂಬ ಗಾದೆಯೂ ವರದಿಗಳಲ್ಲಿ ಬರುತ್ತದೆ. ನನಗೆ ಅದು ಬೇಡ. ಅದರಲ್ಲಿ ತಪ್ಪೆಲ್ಲ ಹಣೆಬರಹಕ್ಕೆ ಹೋಗುತ್ತದೆ. ಇಲ್ಲಿ ಮಾತು ಇರುವುದು ಕಲಿಯಬಹುದಾದ ಒಂದು ಕೆಲಸದ ಬಗ್ಗೆ.

ನಮ್ಮ ನೆಲದ ಆಟಗಳಲ್ಲಿ ಹುಡುಕಿದೆ. ಬೆಳಗಾವಿ ಎಂದರೆ ಕುಸ್ತಿಯ ಊರು. ಆದರೆ ನಿಕಾಲಿ ಕುಸ್ತಿಯಲ್ಲಿ ಮುನ್ನಡೆ ಎಂಬುದೇ ಇಲ್ಲ. ಎದುರಾಳಿಯ ಬೆನ್ನು ನೆಲಕ್ಕೆ ತಾಗಿಸಿ ಚಿತ್ ಮಾಡುವವರೆಗೂ ಆಟ. ಹಾಗಾಗಿ ಅಲ್ಲಿ ಪಟ್ಟುಗಳಿಗೆ ಬೇಕಾದಷ್ಟು ಹೆಸರಿವೆ, ಈ ಕೆಲಸಕ್ಕೆ ಇಲ್ಲ. ಕಬಡ್ಡಿ ಹತ್ತಿರ ಬರುತ್ತದೆ. ಪಾಯಿಂಟ್ ಮೇಲಿದ್ದಾಗ ರೈಡರ್ ಒಳಗೆ ಹೋಗಿ, ಯಾರನ್ನೂ ಮುಟ್ಟದೆ, 30 ಸೆಕೆಂಡ್ ಕಳೆದು ಬರುತ್ತಾನೆ. ಅದಕ್ಕೆ ಮೈದಾನದಲ್ಲಿ ‘ಟೈಮ್ ಪಾಸ್ ಮಾಡು’ ಅಂತಾರೆ. ಎರಡು ಸಲ ಹಾಗೆ ಖಾಲಿ ಬಂದರೆ ಮೂರನೆಯದು ಡು ಆರ್ ಡೈ. ಪಾಯಿಂಟ್ ತರಲೇಬೇಕು, ಇಲ್ಲವೇ ಔಟ್. ಇದೂ ನನಗೆ ಪೂರ್ತಿ ಸಾಲದು. ಹೊತ್ತು ಕಳೆಯುವುದು ಆ ಕೆಲಸದ ಒಂದು ತುಣುಕು ಅಷ್ಟೇ. ಚೆಂಡನ್ನು ಎದುರಾಳಿಯ ಮೂಲೆಯಲ್ಲಿ ಇಟ್ಟುಕೊಳ್ಳುವುದು, ಸಾಲು ಹಿಂದೆ ಸರಿಯದ ಹಾಗೆ ನೋಡಿಕೊಳ್ಳುವುದು, ದಣಿದವರನ್ನು ಸಮಯಕ್ಕೆ ಬದಲಿಸುವುದು, ಬಾಕ್ಸಿನೊಳಗೆ ಕಾಲು ಚಾಚದೆ ಇರುವುದು ಎಲ್ಲವೂ ಅದರಲ್ಲಿ ಸೇರಿವೆ.

ಪದ ಸಿಕ್ಕಿದ್ದು ಮನೆಯಲ್ಲಿ. 2025ರ ಫೈನಲ್ ನೋಡುವಾಗ ಬೈಲಹೊಂಗಲ ಕಡೆಯಿಂದ ಬಂದಿದ್ದ ಕಾಕಾ ಪಕ್ಕದಲ್ಲಿ ಕೂತಿದ್ದರು. ಒಕ್ಕಲುತನದ ಮನುಷ್ಯ, ಫುಟ್‌ಬಾಲ್ ನೋಡುವುದು ಕಡಿಮೆ. 72ನೇ ನಿಮಿಷದ ಪೆನಾಲ್ಟಿ ಆದ ಮೇಲೆ ಹೇಳಿದರು: “ಗಳಸೂದು ಬ್ಯಾರೆ, ದಕ್ಕಿಸ್ಕೊಳ್ಳೂದು ಬ್ಯಾರೆ ತಮ್ಮಾ. ಇವರಿಗೆ ಗಳಸಾಕ ಬರ್ತೈತಿ, ದಕ್ಕಿಸ್ಕೊಳ್ಳಾಕ ಬರೂದಿಲ್ಲ.”

ಅಂದಿನಿಂದ ಈ ಮಾತು ತಲೆಯಿಂದ ಹೋಗಿಲ್ಲ. ನಮ್ಮ ಕಡೆ ‘ದಕ್ಕು’ ಎಂದರೆ ಬಂದದ್ದು ನಿಲ್ಲುವುದು. ಕೂಸು ಕುಡಿದ ಹಾಲು ಕಾರಿಕೊಂಡರೆ ‘ಹಾಲು ದಕ್ಕವಲ್ದು’ ಅಂತಾರೆ. ಒಬ್ಬ ತಾಯಿಗೆ ಹುಟ್ಟಿದ ಮಕ್ಕಳು ಉಳಿಯದೇ ಹೋದರೆ ‘ಮಕ್ಕಳು ದಕ್ಕಲಿಲ್ಲ’ ಅಂತಾರೆ. ತಕರಾರಿನ ಹೊಲ ಕೊನೆಗೆ ಮನೆತನಕ್ಕೇ ಉಳಿದರೆ ‘ಹೊಲ ದಕ್ಕಿತು’. ಎಲ್ಲ ಕಡೆಯೂ ವಸ್ತು ಮೊದಲೇ ಕೈಗೆ ಬಂದಿದೆ. ಪ್ರಶ್ನೆ ಇರುವುದು ಅದು ಉಳಿಯುತ್ತದೋ ಇಲ್ಲವೋ ಎಂದು. ಮುನ್ನಡೆಯ ಕಥೆಯೂ ಅದೇ ಅಲ್ವಾ?

ಇನ್ನೊಂದು ಅನುಕೂಲ ಇದೆ. ‘ಗೆಲುವು ನಮಗೆ ದಕ್ಕಿತು’ ಎಂದರೆ ತಾನಾಗಿ ಉಳಿಯಿತು ಎಂಬ ಧ್ವನಿ. ‘ಗೆಲುವನ್ನು ದಕ್ಕಿಸಿಕೊಂಡೆವು’ ಎಂದರೆ ಉಳಿಸಿಕೊಳ್ಳಲು ನಾವು ಕೆಲಸ ಮಾಡಿದೆವು. ಒಂದೇ ಬೇರಿನಿಂದ ಅದೃಷ್ಟಕ್ಕೂ ಕಸುಬಿಗೂ ಬೇರೆ ಬೇರೆ ರೂಪ ಸಿಗುತ್ತವೆ. 2022ರ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಮುಂಬೈ ಸಿಟಿ ಎದುರು 61ನೇ ನಿಮಿಷದಲ್ಲಿ ಅಲನ್ ಕೋಸ್ಟಾ ಗೋಲು ಹೊಡೆದ ಮೇಲೆ ಸುಮಾರು ಅರ್ಧ ಗಂಟೆ ಉಳಿದಿತ್ತು. ಆ 2-1 ಅನ್ನು ತಂಡ ದಕ್ಕಿಸಿಕೊಂಡಿತು. ಇದನ್ನು ಬರೆಯುವಾಗ ಪದ ಸಲೀಸಾಗಿ ಕೂತಿತು. ನಾವು ಗೆದ್ದ 2019ರ ಐಎಸ್‌ಎಲ್ ಫೈನಲ್‌ಗೆ ಮಾತ್ರ ಹಾಗೆ ಬರೆಯಲಾರೆ. ಡಿಮಾಸ್ ಡೆಲ್ಗಾಡೊ ಕಾರ್ನರ್, ರಾಹುಲ್ ಭೇಕೆ ತಲೆ, 117ನೇ ನಿಮಿಷ. ಅಲ್ಲಿ ದಕ್ಕಿಸಿಕೊಳ್ಳಲು ಹೊತ್ತೇ ಉಳಿದಿರಲಿಲ್ಲ.

ಈಗ ಅನುಮಾನ. ಪತ್ರಿಕೆಗಳಲ್ಲಿ ‘ಪದಕ ದಕ್ಕಿಸಿಕೊಂಡರು’, ‘ಸ್ಥಾನ ದಕ್ಕಿತು’ ಎಂದು ಬರುತ್ತದೆ. ಅಲ್ಲಿ ಅರ್ಥ ‘ಪಡೆದರು’, ‘ಸಿಕ್ಕಿತು’ ಎಂದಷ್ಟೇ. ಹೀಗೆ ಓದಿ ರೂಢಿಯಾದವರು ‘ಬೆಂಗಳೂರು ಮುನ್ನಡೆ ದಕ್ಕಿಸಿಕೊಂಡಿತು’ ಎಂಬುದನ್ನು ‘ಗೋಲು ಹೊಡೆದು ಮುಂದಾಯಿತು’ ಎಂದೇ ತಿಳಿಯುತ್ತಾರೆ. ಅರ್ಥ ತಲೆಕೆಳಗಾಗುತ್ತದೆ. ಮೈಸೂರಿನ ಒಬ್ಬ ಗೆಳೆಯ ನನ್ನ ಬರಹ ಓದಿ ಹಾಗೇ ತಿಳಿದುಕೊಂಡ. ಮೈಸೂರು, ಹಾಸನ, ಮಂಗಳೂರು, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ. ನಿಮ್ಮ ಮನೆಮಾತಿನಲ್ಲಿ ‘ದಕ್ಕು’ ಎಂದರೆ ‘ಸಿಗು’ ಎಂದೋ, ‘ಉಳಿ’ ಎಂದೋ? ಹಾಲು ದಕ್ಕಲಿಲ್ಲ ಎಂಬ ಬಳಕೆ ನಿಮ್ಮಲ್ಲೂ ಇದೆಯೇ?

ಎರಡನೆಯ ತೊಡಕು ಹೆಸರುಪದದ್ದು. ‘ದಕ್ಕಿಸಿಕೊಳ್ಳುವಿಕೆ’ ಉದ್ದ. ಮೈದಾನದ ಅಂಚಿನಲ್ಲಿ ನಿಂತು ಕೂಗಲು ಆಗುವುದಿಲ್ಲ. ‘ಹುಟ್ಟುವಳಿ’, ‘ನಡವಳಿ’ ಇದ್ದ ಹಾಗೆ ‘ದಕ್ಕುವಳಿ’ ಆಗಬಹುದೇ? ಕಿವಿಗೆ ಚೆನ್ನಾಗಿದೆ. ಆದರೆ ಅದು ದಕ್ಕಿದ ವಸ್ತುವನ್ನು ಹೇಳುತ್ತದೋ, ದಕ್ಕಿಸಿಕೊಳ್ಳುವ ಕೆಲಸವನ್ನೋ? ‘ಹುಟ್ಟುವಳಿ’ ನೋಡಿದರೆ ವಸ್ತು ಅನಿಸುತ್ತದೆ, ‘ನಡವಳಿ’ ನೋಡಿದರೆ ಕೆಲಸ. ವ್ಯಾಕರಣ ಬಲ್ಲವರು ತಿದ್ದಬೇಕು.

ಇಂಗ್ಲಿಷಿನಲ್ಲಿ ಇನ್ನೊಂದು ಗೋಜಲು ಇದೆ. ಆಟ ನಡೆಸುವುದಕ್ಕೂ ‘ಮ್ಯಾನೇಜ್‌ಮೆಂಟ್’, ಕ್ಲಬ್ ನಡೆಸುವುದಕ್ಕೂ ‘ಮ್ಯಾನೇಜ್‌ಮೆಂಟ್’. ಎರಡನೆಯದಕ್ಕೆ ನಾನು ‘ಕಾರಭಾರ’ ಬಳಸುತ್ತಿದ್ದೇನೆ. ಮರಾಠಿಯಲ್ಲೂ ಇರುವ ಮಾತು, ಇಲ್ಲಿ ಎಲ್ಲರಿಗೂ ತಿಳಿಯುತ್ತದೆ. ಕೂಡು ಕುಟುಂಬದಲ್ಲಿ ಮನೆಯ ಕಾರಭಾರ ನೋಡುವವರು ಒಬ್ಬರು ಇರುತ್ತಾರೆ. ಲೆಕ್ಕ, ಬೀಜ, ಆಳು, ಮದುವೆ ಎಲ್ಲ ಅವರ ಕೈಯಲ್ಲಿ. ಆದರೆ ‘ನಿಂದೇನು ನಡುವ ಕಾರಭಾರ’ ಎಂದರೆ ಸಂಬಂಧವಿಲ್ಲದೆ ತಲೆ ಹಾಕುವುದು ಎಂದೂ ಆಗುತ್ತದೆ. ಈ ಎರಡನೆಯ ಅರ್ಥ ಅಡ್ಡಬರುತ್ತದೆಯೇ?

ಕಾರಭಾರಕ್ಕೂ ದಕ್ಕಿಸಿಕೊಳ್ಳುವುದಕ್ಕೂ ನಂಟಿದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. 2013ರಿಂದ 2021ರ ಜನವರಿವರೆಗೆ ನಮ್ಮ ಕ್ಲಬ್ಬಿಗೆ ಮೂವರೇ ಮುಖ್ಯ ಕೋಚ್‌ಗಳು: ಆಶ್ಲೆ ವೆಸ್ಟ್‌ವುಡ್, ಆಲ್ಬರ್ಟ್ ರೋಕಾ, ಕಾರ್ಲೆಸ್ ಕ್ವಾಡ್ರಾಟ್. ಎರಡು ಐ-ಲೀಗ್, ಎರಡು ಫೆಡರೇಷನ್ ಕಪ್, ಒಂದು ಸೂಪರ್ ಕಪ್, ಒಂದು ಐಎಸ್‌ಎಲ್ ಬಂದದ್ದು ಆ ಕಾಲದಲ್ಲಿ. ಆಮೇಲೆ ಮೂರು ವರ್ಷದೊಳಗೆ ನೌಶಾದ್ ಮೂಸಾ ಹಂಗಾಮಿಯಾಗಿ ಬಂದರು, ನಂತರ ಮಾರ್ಕೊ ಪೆಟ್ಸಾಯುವೋಲಿ, ಸೈಮನ್ ಗ್ರೇಸನ್, 2023ರ ಡಿಸೆಂಬರ್‌ನಲ್ಲಿ ಜೆರಾರ್ಡ್ ಜರಗೋಜಾ. ಗೋಲು ಹೊಡೆಯುವ ಆಟಗಾರನನ್ನು ಹೊರಗಿನಿಂದ ತರಬಹುದು. ಒಂದು ಗೋಲಿನಿಂದ ಮುಂದಿರುವಾಗ ಹನ್ನೊಂದು ಜನ ಒಟ್ಟಿಗೆ ಎಲ್ಲಿ ನಿಲ್ಲಬೇಕು, ಯಾರು ಮೊದಲು ಮುಂದೆ ಓಡಬೇಕು ಎಂಬ ರೂಢಿ ತರಲು ಆಗುವುದಿಲ್ಲ. ಅದು ಒಬ್ಬನ ಕೈಯಲ್ಲಿ ವರ್ಷಗಟ್ಟಲೆ ಬೆಳೆಯಬೇಕು. 2023-24ರಲ್ಲಿ ತಂಡ ಹತ್ತನೇ ಸ್ಥಾನಕ್ಕೆ ಇಳಿದರೂ ಜರಗೋಜಾ ಅವರನ್ನು ಉಳಿಸಿಕೊಂಡದ್ದು ಒಳ್ಳೆಯ ಕಾರಭಾರ ಎಂದು ಬರೆದಿದ್ದೆ. ಮರು ವರ್ಷವೇ ತಂಡ ಫೈನಲ್ ತಲುಪಿತು. ಆ ಅಭಿಪ್ರಾಯ ಈಗಲೂ ಬದಲಾಗಿಲ್ಲ.

ಮುಂದಿನ ಪಂದ್ಯದ ಬರಹದಲ್ಲಿ ‘ದಕ್ಕಿಸಿಕೊಳ್ಳು’ ಬಳಸಬೇಕು ಎಂದಿದ್ದೇನೆ. ಅಷ್ಟರೊಳಗೆ ನಿಮ್ಮ ಊರಿನ ಬಳಕೆ ತಿಳಿಸಿ. ಕಾಕಾನ ಹಾಗೆ ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಇದಕ್ಕಿಂತ ಹತ್ತಿರದ ಮಾತು ಕೇಳಿದ್ದರೆ, ಅವರು ಆಡಿದ ಹಾಗೇ ಬರೆದು ಕಳಿಸಿ.