ಹದಿಹರೆಯದವರಿಗೆ ಚಿತ್ರಕಲೆಯ ಇತಿಹಾಸ: ಎಲ್ಲಿಂದ ಶುರು ಮಾಡಲಿ?

ಮೈಸೂರಿನ ಚಿಕ್ಕಮ್ಮ:
ನಮಸ್ಕಾರ. ಅಕ್ಕನ ಮಗಳು ಮತ್ತು ಅವಳ ಮೂವರು ಗೆಳತಿಯರು ಭಾನುವಾರ ನಮ್ಮ ಮನೆಗೆ ಬರುತ್ತಾರೆ. ಎಲ್ಲರಿಗೂ ಹದಿಮೂರು, ಹದಿನಾಲ್ಕು ವಯಸ್ಸು. ಚಿತ್ರಕಲೆಯ ಇತಿಹಾಸ ಹೇಳಿಕೊಡುತ್ತೇನೆಂದು ಬಾಯಿ ಜಾರಿ ಒಪ್ಪಿಕೊಂಡೆ. ಇಟ್ಟಿಗೆಯಷ್ಟು ದಪ್ಪದ ಪುಸ್ತಕ ತಂದು ಗುಹಾಚಿತ್ರಗಳಿಂದ ಹಿಡಿದುಕೊಂಡೆ. ಗ್ರೀಕರ ಮಡಕೆಗಳಿಗೆ ಬರುವಷ್ಟರಲ್ಲಿ ಒಬ್ಬಳು ಆಕಳಿಸುತ್ತಿದ್ದಳು, ಇಬ್ಬರು ಮೇಜಿನ ಕೆಳಗೆ ಮೊಬೈಲ್ ನೋಡುತ್ತಿದ್ದರು, ನಾಲ್ಕನೆಯವಳು ಚಕ್ಕುಲಿ ಮುಗಿಯಿತೇ ಎಂದು ಕೇಳಿದಳು. ಹೀಗೇ ಹೋದರೆ ಇಂಪ್ರೆಷನಿಸಂ, ಕ್ಯೂಬಿಸಂ ಎಂಬ ಹೊಸ ಕಾಲದ ಪಂಥಗಳನ್ನು ತಲುಪುವ ಹೊತ್ತಿಗೆ ಇವರ ಪಿಯುಸಿಯೇ ಮುಗಿದಿರುತ್ತದೆ. ಏನು ಮಾಡಲಿ?

ನಿವೃತ್ತ ಡ್ರಾಯಿಂಗ್ ಮೇಷ್ಟ್ರು:
ಮೊದಲು ಆ ಪುಸ್ತಕವನ್ನು ಅಟ್ಟಕ್ಕೆ ಹಾಕಿ, ತಾಯಿ. ಮೈಸೂರಿನಲ್ಲಿದ್ದುಕೊಂಡು ಗ್ರೀಸಿಗೆ ಏಕೆ ಹೋದಿರಿ? ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವಿದೆಯಲ್ಲ, ಅದರಿಂದ ಶುರು ಮಾಡಿ. ರವಿವರ್ಮನದೆಂದು ಎಷ್ಟೋ ಜನ ನಂಬಿದ್ದಾರೆ, ಅಲ್ಲ, ಎಸ್.ಎಲ್. ಹಲ್ದಂಕರ್ ಬರೆದದ್ದು, ಅದೂ ಜಲವರ್ಣದಲ್ಲಿ. ಹೆಸರು, ಇಸವಿ ಏನೂ ಹೇಳಬೇಡಿ. ಬೆಳಕು ಎಲ್ಲೆಲ್ಲಿ ಬಿದ್ದಿದೆ ಎಂದಷ್ಟೇ ಕೇಳಿ. ಮುಖ, ಸೀರೆ ಎನ್ನುತ್ತಾರೆ. ಸುಮ್ಮನಿರಿ. ಸ್ವಲ್ಪ ಹೊತ್ತಿಗೆ ಯಾರಾದರೊಬ್ಬಳು ದೀಪಕ್ಕೆ ಅಡ್ಡ ಹಿಡಿದ ಕೈಯನ್ನು ಗಮನಿಸುತ್ತಾಳೆ: ಬೆರಳುಗಳ ಸಂದಿ ಕೆಂಪಗಾಗಿದೆ. ಕರೆಂಟು ಹೋದಾಗ ಟಾರ್ಚಿನ ಮೇಲೆ ಅಂಗೈ ಇಟ್ಟು ನೋಡಿದ ಮಕ್ಕಳಿಗೆ ಅದು ಗೊತ್ತು. ಆಮೇಲೆ ಫ್ರಾನ್ಸಿನ ಜಾರ್ಜ್ ದ ಲಾ ತೂರ್ 1640ರ ದಶಕದಲ್ಲಿ ಬರೆದ ಬಡಗಿ ಜೋಸೆಫನ ಚಿತ್ರ ತೋರಿಸಿ. ಅಲ್ಲೂ ಮೇಣದಬತ್ತಿಗೆ ಅಡ್ಡ ಹಿಡಿದ ಮಗುವಿನ ಕೈ ಹೀಗೆಯೇ ಬೆಳಗುತ್ತದೆ.

ಮುಂದಿನ ವಾರ ಕಾಂಪೌಂಡ್ ಗೋಡೆಯನ್ನು ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ, ಸಂಜೆ ಐದೂವರೆಗೆ, ಮೂರು ಸಲ ಕ್ರೇಯಾನಿನಲ್ಲಿ ಬರೆಸಿ. ಡಬ್ಬಿಯಿಂದ ಕಪ್ಪು ಕಡ್ಡಿಯನ್ನು ಮೊದಲೇ ತೆಗೆದಿಡಿ. ನೆರಳಿಗೆ ಯಾವ ಬಣ್ಣ ಎಂದು ಜಗಳವಾಡುತ್ತಾರೆ, ಆಡಲಿ. ಇಂಪ್ರೆಷನಿಸಂ ಪಂಥದ ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆ 1892ರಿಂದ 94ರವರೆಗೆ ರೂವಾನ್ ಎಂಬ ಊರಿನ ಚರ್ಚಿನ ಮುಂಭಾಗವನ್ನು ಬೇರೆ ಬೇರೆ ಹೊತ್ತಿನ ಬೆಳಕಿನಲ್ಲಿ ಮೂವತ್ತಕ್ಕೂ ಹೆಚ್ಚು ಸಲ ಬರೆದದ್ದನ್ನು ಆಗ ತೋರಿಸಿದರೆ ಉಪನ್ಯಾಸ ಬೇಕಾಗುವುದಿಲ್ಲ.

ಕ್ಯೂಬಿಸಂಗೆ ಸ್ಟೀಲ್ ಲೋಟ ಸಾಕು. ಬದಿಯಿಂದ ನೋಡಿ ಬರೆಯಿರಿ ಎಂದರೂ ಮಕ್ಕಳು ಬಾಯಿಯನ್ನು ಗುಂಡಗೆ, ತಳವನ್ನು ನೇರ ಗೆರೆಯಾಗಿ ಬರೆಯುತ್ತಾರೆ. ಇಪ್ಪತ್ತು ವರ್ಷ ನಾನು ಅದರ ಮೇಲೆ ಕೆಂಪು ಶಾಯಿಯ ಗೀಟು ಎಳೆದೆ. ಮೇಲಿನಿಂದ ಕಂಡದ್ದನ್ನೂ ಬದಿಯಿಂದ ಕಂಡದ್ದನ್ನೂ ಕ್ಯೂಬಿಸಂನ ಚಿತ್ರಕಾರರಾದ ಬ್ರಾಕ್, ಪಿಕಾಸೊ ಬೇಕೆಂದೇ ಒಂದೇ ಹಾಳೆಗೆ ತಂದರು ಎಂದು ಆ ಮಕ್ಕಳಿಗೆ ಹೇಳಬೇಕಿತ್ತು.

ಉಡುಪಿಯ ಓದುಗ:
ಮೇಷ್ಟ್ರ ಮಾತು ಒಪ್ಪುತ್ತೇನೆ, ಇಸವಿಯ ವಿಷಯವೊಂದನ್ನು ಬಿಟ್ಟು. 1839ರಲ್ಲಿ ಡಾಗೆರ್‌ನ ಫೋಟೊ ವಿಧಾನ ಬಹಿರಂಗವಾಯಿತು. 1841ರಲ್ಲಿ ಜಾನ್ ರ‍್ಯಾಂಡ್ ಬಣ್ಣಕ್ಕೆ ತವರದ ಟ್ಯೂಬ್ ಮಾಡಿದ. ಅದಕ್ಕೆ ಮೊದಲು ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದರು (ಇದನ್ನಂತೂ ಯಾವ ಹುಡುಗಿಯೂ ಮರೆಯುವುದಿಲ್ಲ). ಈ ಎರಡು ಇಸವಿ ಗೊತ್ತಿಲ್ಲದಿದ್ದರೆ ಚಿತ್ರಕಾರರು ಬಣ್ಣ ಹೊತ್ತು ಬಯಲಿಗೆ ಬಂದದ್ದೇಕೆ, ತದ್ರೂಪದ ಮೋಹ ಕಳೆದುಕೊಂಡದ್ದೇಕೆ ಎಂಬುದು ಅರ್ಥವಾಗುವುದಿಲ್ಲ. 1874ರ ಪ್ಯಾರಿಸ್ ಪ್ರದರ್ಶನದ ಕಥೆಯನ್ನೂ ಹೇಳಿ. ಮೊನೆಯ ‘ಇಂಪ್ರೆಷನ್, ಸನ್‌ರೈಸ್’ ಎಂಬ ಸೂರ್ಯೋದಯದ ಚಿತ್ರ ನೋಡಿ ಲೂಯಿ ಲೆರುವಾ ಎಂಬ ವಿಮರ್ಶಕ, ಗೋಡೆಗೆ ಅಂಟಿಸುವ ಕಾಗದವೇ ಇದಕ್ಕಿಂತ ವಾಸಿ ಎಂಬಂತೆ ಲೇವಡಿ ಮಾಡಿದ. ಚಿತ್ರದ ಹೆಸರು ಹಿಡಿದು ಅವನು ಲೇವಡಿಗೆಂದು ಕರೆದ ‘ಇಂಪ್ರೆಷನಿಸ್ಟರು’ ಎಂಬ ಹೆಸರೇ ಪಂಥಕ್ಕೆ ಅಂಟಿಕೊಂಡಿತು. ಅಡ್ಡಹೆಸರಿನ ಸಂಕಟವನ್ನು ಹದಿನಾಲ್ಕರ ವಯಸ್ಸಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಮೈಸೂರಿನ ಚಿಕ್ಕಮ್ಮ:
ಪುಸ್ತಕ ಅಟ್ಟ ಸೇರಿ ಮೂರು ವಾರವಾಯಿತು. ದೀಪದ ಹೆಂಗಸಿನ ಮುಂದೆ ಹನ್ನೊಂದು ನಿಮಿಷ ಯಾರೂ ಮೊಬೈಲ್ ಮುಟ್ಟಲಿಲ್ಲ, ಗಡಿಯಾರ ನೋಡಿಕೊಂಡೆ. ಗೋಡೆಯ ನೆರಳು ನೀಲಿಯೋ ನೇರಳೆಯೋ ಎಂಬ ಜಗಳಕ್ಕೆ ನಮ್ಮ ಯಜಮಾನರೂ ಬಂದು, ಹಸಿರು ಎಂದು ಹೇಳಿ ಎಲ್ಲರಿಂದ ಬೈಸಿಕೊಂಡರು. ಚಕ್ಕುಲಿಯ ಹುಡುಗಿ ಮಾತ್ರ ಇನ್ನೂ ದೀಪವನ್ನು ಬಿಟ್ಟಿಲ್ಲ. ಆ ಹೆಂಗಸು ಅಡ್ಡ ಹಿಡಿದ ಕೈ ತೆಗೆದುಬಿಟ್ಟರೆ ಚಿತ್ರ ಏನಾಗುತ್ತದೆ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಕ್ರೇಯಾನ್ ಡಬ್ಬಿ ಕೊಟ್ಟು, ಬರೆದು ನೋಡು ಎಂದೆ. ಬರೆಯುತ್ತಿದ್ದಾಳೆ.