ಬಣ್ಣ ಬಳಿಸಿ ಎಂಟೇ ತಿಂಗಳು, ಬೀಟಲ್ ಮೈಮೇಲೆ ಗುಳ್ಳೆ

ಬೀಟಲ್‌ಒಡೆಯ:
1967ರ ಫೋಕ್ಸ್‌ವ್ಯಾಗನ್ ಬೀಟಲ್. ಟಿಂಕರಿಂಗ್ ಮತ್ತು ಬಣ್ಣಕ್ಕೆ ಕೊಟ್ಟು ಒಂದು ವರ್ಷ ಕಾದೆ. ಬಂದ ದಿನ ಕನ್ನಡಿಯಂತೆ ಹೊಳೆಯುತ್ತಿತ್ತು. ಎಂಟನೇ ತಿಂಗಳಿಗೆ ಎರಡೂ ಬಾಗಿಲುಗಳ ಕೆಳಅಂಚಿನಲ್ಲಿ, ಅವುಗಳ ಕೆಳಗಿನ ಹೀಟರ್ ಚಾನೆಲ್ (ಒಳಕ್ಕೆ ಬಿಸಿಗಾಳಿ ಸಾಗಿಸುವ ತಗಡಿನ ಕೊಳವೆ) ಮೇಲೆ ಸಾಸಿವೆ ಕಾಳಿನಂತಹ ಗುಳ್ಳೆಗಳು ಎದ್ದಿವೆ. ಅಲ್ಲಿ ಆಯಸ್ಕಾಂತ ಕಚ್ಚುವುದೇ ಇಲ್ಲ, ಅಂದರೆ ಬಣ್ಣದಡಿ ದಪ್ಪಗೆ ಬೇರೇನೋ ಇದೆ. ಮಡ್‌ಗಾರ್ಡಿಗೂ ಬಾಡಿಗೂ ನಡುವೆ ಇರುವ ಬೀಡಿಂಗ್ (ಸಂದು ಮುಚ್ಚುವ ಪಟ್ಟಿ) ಮೇಲೂ ಬಣ್ಣ ಹೊಡೆದಿದ್ದಾರೆ, ಅದು ಈಗಾಗಲೇ ಬಿರುಕು ಬಿಟ್ಟಿದೆ. ಗ್ಯಾರೇಜಿನವರು "ಬಣ್ಣಕ್ಕೆ ನಾವು ಹೊಣೆ, ತುಕ್ಕಿಗಲ್ಲ" ಎನ್ನುತ್ತಾರೆ. ಗುಳ್ಳೆ ಇರುವಷ್ಟು ಜಾಗ ಉಜ್ಜಿ ಮತ್ತೆ ಬಳಿದುಕೊಡುತ್ತಾರಂತೆ. ಅವರಿಗೇ ಕೊಡಲೋ, ಬೇರೆ ಕಡೆ ಎಲ್ಲವನ್ನೂ ಕೆರೆಸಿ ಹೊಸದಾಗಿ ಮಾಡಿಸಲೋ?

ಮೂರನೇಗೇರ್:
ಬೀಡಿಂಗ್ ಮೇಲೆ ಬಣ್ಣವಿದೆ ಎಂದರೆ ಮಡ್‌ಗಾರ್ಡ್ ಕಳಚಿಯೇ ಇಲ್ಲ. ಬೀಟಲ್‌ನ ನಾಲ್ಕೂ ಮಡ್‌ಗಾರ್ಡ್ ಬೋಲ್ಟಿನಲ್ಲಿ ನಿಂತಿರುತ್ತವೆ. ಅಷ್ಟನ್ನೂ ಬಿಚ್ಚಲು ಮೈಗಳ್ಳತನ ಮಾಡಿದವನು ತಗ್ಗು ತುಂಬುವ ಪುಟ್ಟಿಯ ಕೆಳಗೆ ತೇವ ತಡೆಯುವ ಎಪಾಕ್ಸಿ ಪ್ರೈಮರ್ ಹೊಡೆದಿರುತ್ತಾನೆಯೇ? ಬರಿ ತಗಡಿನ ಮೇಲೆ ಪುಟ್ಟಿ ಮೆತ್ತಿದ್ದಾನೆ. ಪುಟ್ಟಿ ತೇವ ಹೀರಿ ತಗಡಿಗೆ ಇಳಿಸುತ್ತದೆ. ಗುಳ್ಳೆ ಏಳದೆ ಇನ್ನೇನು?

ತಗಡುಮೇಸ್ತ್ರಿ:
"ಬರಿ ತಗಡಿನ ಮೇಲೆ ಪುಟ್ಟಿ ಮೆತ್ತಿದ್ದಾನೆ" ಎಂದರೆ ಏನೋ ಕಳ್ಳತನ ಮಾಡಿದ ಹಾಗಾಯಿತು! ಸ್ವಾಮಿ, ಪುಟ್ಟಿ ಹಾಕುವುದೇ ಬರಿ ತಗಡಿನ ಮೇಲೆ. 80ರ ಉಪ್ಪುಕಾಗದದಿಂದ ಗೀರು ಮೂಡಿಸಿದರೆ ಅದು ಕಚ್ಚಿಕೊಳ್ಳುತ್ತದೆ. ಮೂವತ್ತು ವರ್ಷಗಳಿಂದ ಇದೇ ಕೆಲಸ ನನ್ನದು. ನಾನು ಮಾಡಿಕೊಟ್ಟ ಗಾಡಿಗಳಲ್ಲಿ ಗುಳ್ಳೆ ಎದ್ದಿಲ್ಲ.

ಮೂರನೇಗೇರ್:
"ಮೂವತ್ತು ವರ್ಷಗಳಿಂದ" ಎಂಬುದು ಪುರಾವೆಯಲ್ಲ, ಅಭ್ಯಾಸ. ಎದ್ದ ಗುಳ್ಳೆಯನ್ನು ಎಷ್ಟು ಜನ ನಿಮಗೆ ತಂದು ತೋರಿಸಿದ್ದಾರೆ? ಈಗಿನ ಪುಟ್ಟಿ ತಯಾರಕರ ಸೂಚನಾ ಪತ್ರ ಓದಿ. ಒಣಗಿದ ಎಪಾಕ್ಸಿಯ ಮೇಲೆ ಹಾಕಬಹುದು ಎಂದು ಎಷ್ಟೋ ಪತ್ರಗಳಲ್ಲಿದೆ.

ತಗಡುಮೇಸ್ತ್ರಿ:
"ಹಾಕಬಹುದು" ಎಂದಿದೆ, "ಹಾಕಲೇಬೇಕು" ಎಂದಿಲ್ಲ. ಅದೇ ಪತ್ರದಲ್ಲಿ ಒಂದು ಸಾಲು ಮೇಲಕ್ಕೆ ಹೋದರೆ "ಉಜ್ಜಿ ಶುಚಿ ಮಾಡಿದ ಬರಿ ಲೋಹದ ಮೇಲೆ" ಎಂದೂ ಇರುತ್ತದೆ. ನಿಮಗೆ ಬೇಕಾದ ಸಾಲಿಗೆ ಮಾತ್ರ ಕನ್ನಡಕ ಹಾಕಿಕೊಳ್ಳುತ್ತೀರಿ. ಪ್ರೈಮರ್ ಮೇಲೆ ಹಾಕಿದ ಪುಟ್ಟಿ ಹಪ್ಪಳದಂತೆ ಎದ್ದು ಬಂದದ್ದನ್ನು ನಾನು ಕೈಯಾರೆ ಕಿತ್ತಿದ್ದೇನೆ.

ಮೂರನೇಗೇರ್:
ಯಾವ ಪ್ರೈಮರ್? ತಗಡನ್ನು ಕೊರೆದು ಕಚ್ಚುವ ಎಚಿಂಗ್ ಪ್ರೈಮರ್ ಆಗಿದ್ದರೆ ಏಳಲೇಬೇಕು. ಅದರಲ್ಲಿ ಆಮ್ಲವಿದೆ, ಪುಟ್ಟಿಯನ್ನು ಸರಿಯಾಗಿ ಗಟ್ಟಿಯಾಗಲು ಬಿಡುವುದಿಲ್ಲ. ಎಪಾಕ್ಸಿಯೇ ಬೇರೆ. ಮೂವತ್ತು ವರ್ಷಗಳಲ್ಲಿ ಇದು ಗೊತ್ತಾಗಲಿಲ್ಲವೇ?

ತಗಡುಮೇಸ್ತ್ರಿ:
ಎರಡೂ ಪ್ರೈಮರೇ. ನನಗೆ ಪಾಠ ಹೇಳುವ ಮೊದಲು ಒಂದು ಬಾಗಿಲನ್ನಾದರೂ ನೆಟ್ಟಗೆ ಬಡಿದು ತೋರಿಸಿ.

ಸೀಸಪ್ರೇಮಿ:
ಪುಟ್ಟಿ ಎಂಬುದೇ ಮೋಸ, ಅದರ ಕೆಳಗೆ ಏನಿದ್ದರೇನು? ಆ ಕಾಲದ ಕಾರ್ಖಾನೆಗಳಲ್ಲಿ ಜೋಡಣೆಗಳಿಗೆ ಸೀಸ ತುಂಬುತ್ತಿದ್ದರು. 70 ಪಾಲು ಸೀಸ, 30 ಪಾಲು ತವರ. 183 ಡಿಗ್ರಿಗೆ ಮೆತ್ತಗಾಗಲು ತೊಡಗಿ 250ರ ಆಸುಪಾಸಿನವರೆಗೂ ಬೆಣ್ಣೆಯಂತೆ ಮರದ ಹಲಗೆಯ ಮಾತು ಕೇಳುತ್ತದೆ. ಅದು ತೇವ ಹೀರುವುದಿಲ್ಲ. ಇನ್ನೊಂದು ಮಾತು: ಸೀಸಕ್ಕೂ ಆಯಸ್ಕಾಂತ ಕಚ್ಚುವುದಿಲ್ಲ. ಬೀಟಲ್‌ಒಡೆಯರೇ, ಗ್ಯಾರೇಜನ್ನು ಬೈಯುವ ಮುನ್ನ ಯೋಚಿಸಿ.

ಮೈಕ್ರಾನ್:
"ಗ್ಯಾರೇಜನ್ನು ಬೈಯುವ ಮುನ್ನ" ಅಂತೆ! ಬಾಗಿಲಿನ ಕೆಳಅಂಚಿನ ಉದ್ದಕ್ಕೂ ಯಾವ ಕಾರ್ಖಾನೆ ಸೀಸ ಸುರಿಯಿತು? ಆಯಸ್ಕಾಂತ ಬಿಡಿ, ದಪ್ಪ ಅಳೆಯುವ ಉಪಕರಣ ಇಡಿ. ಬರಿ ಬಣ್ಣವಾದರೆ ಕೆಲವು ನೂರು ಮೈಕ್ರಾನ್, ಅಷ್ಟೇ. ಸಾವಿರ, ಅಂದರೆ ಒಂದು ಮಿಲಿಮೀಟರ್, ದಾಟಿದರೆ ಒಳಗೆ ಪುಟ್ಟಿ ಕೂತಿದೆ.

ಮೂರನೇಗೇರ್:
ಸೀಸ ಹಿಡಿಸಲು ಬಳಸುವ ಫ್ಲಕ್ಸ್‌ನಲ್ಲೂ ಆಮ್ಲವಿದೆ. ಸರಿಯಾಗಿ ತೊಳೆಯದಿದ್ದರೆ ಸೀಸದ ಮೇಲೂ ಗುಳ್ಳೆಯೇ. ಅದಕ್ಕೂ ಮೇಲೆ ಎಪಾಕ್ಸಿಯೇ ಬೇಕು.

ತಗಡುಮೇಸ್ತ್ರಿ:
ಇವರಿಗೆ ಅನ್ನಕ್ಕೂ ಎಪಾಕ್ಸಿ ಕಲಸಿ ಬಡಿಸಬೇಕು.

ಹಿಂದಿನಸೀಟು:
ಎಲ್ಲರೂ ಪುಟ್ಟಿಯಲ್ಲೇ ಮುಳುಗಿದ್ದೀರಿ. ಹೀಟರ್ ಚಾನೆಲ್ ಅಲಂಕಾರದ ಪಟ್ಟಿಯಲ್ಲ. ಬಾಡಿಯನ್ನು ನೆಲದ ಚಾಸಿಗೆ ಬೋಲ್ಟ್ ಮಾಡುವುದು ಅದರ ಮೂಲಕ, ಗಾಡಿಯ ಗಟ್ಟಿತನ ಅದರಲ್ಲಿದೆ. ಅಲ್ಲಿ ಗುಳ್ಳೆ ಎದ್ದಿದ್ದರೆ ಗಾಡಿ ಎತ್ತಿಸಿ, ಕೆಳಗಿನಿಂದ ಸ್ಕ್ರೂಡ್ರೈವರ್‌ನಲ್ಲಿ ಚುಚ್ಚಿ ನೋಡಿ. ಬಾಗಿಲಿನ ಸಂದು ಮೇಲೊಂದು ಕೆಳಗೊಂದು ಅಳತೆ ಇದ್ದರೆ ಅದೂ ಚಾನೆಲ್ ಕೊಳೆತದ್ದಕ್ಕೆ ಒಂದು ಸುಳಿವು. ಯಾರಾದರೂ ಏನನ್ನಾದರೂ ಕೆರೆಯುವ ಮೊದಲು ಎಲ್ಲದರ ಚಿತ್ರ ತೆಗೆದಿಡಿ, ಆ ಗ್ಯಾರೇಜಿಗೆ ಸಂಬಂಧವಿಲ್ಲದ ಒಬ್ಬರಿಂದ ಬರವಣಿಗೆಯಲ್ಲಿ ವರದಿ ಪಡೆಯಿರಿ. ಗುಳ್ಳೆ ಉಜ್ಜಿ ಬಳಿಯಲು ಒಪ್ಪಿಬಿಟ್ಟರೆ ಇರುವ ಸಾಕ್ಷಿಯೂ ಬಣ್ಣದ ಕೆಳಗೆ ಹೋಗುತ್ತದೆ.

ತಗಡುಮೇಸ್ತ್ರಿ:
"ಸ್ಕ್ರೂಡ್ರೈವರ್‌ನಲ್ಲಿ ಚುಚ್ಚಿ" ಎನ್ನುವವರೇ ಒಳ್ಳೆಯ ತಗಡಿಗೂ ತೂತು ಮಾಡಿ ನಮ್ಮ ಬಳಿ ತರುವುದು.

ಮೈಕ್ರಾನ್:
ಸ್ಕ್ರೂಡ್ರೈವರ್‌ಗೆ ತೂತಾಗುವ ತಗಡನ್ನು ಒಳ್ಳೆಯ ತಗಡು ಎಂದು ಕರೆದ ಮೊದಲ ಮೇಸ್ತ್ರಿ ನೀವೇ.

ತಗಡುಮೇಸ್ತ್ರಿ:
ಉಪಕರಣ ಹಿಡಿದು ಗಾಡಿಯ ಸುತ್ತ ಪ್ರದಕ್ಷಿಣೆ ಹಾಕುವವರಿಗೆ ನಾನು ಉತ್ತರ ಕೊಡುವುದಿಲ್ಲ.

ಬೀಟಲ್‌ಒಡೆಯ:
ಚಿತ್ರ ತೆಗೆದು, ಇನ್ನೊಬ್ಬ ಟಿಂಕರ್ ಎದುರಿಗೇ ಒಂದು ಗುಳ್ಳೆಯ ಸುತ್ತ ಅಂಗೈಯಗಲ ಕೆರೆಸಿದೆ. ಮೇಲೆ ಹೊಸ ಕೆಂಪು, ಅದರಡಿ ಪುಟ್ಟಿ, ಪುಟ್ಟಿಯಡಿ ಹಳೆಯ ನೀಲಿ ಬಣ್ಣ, ನೀಲಿಯಡಿ ತುಕ್ಕು. ಪುಟ್ಟಿಯ ದಪ್ಪವೇ 9 ಮಿಲಿಮೀಟರ್. ಹೀಟರ್ ಚಾನೆಲ್‌ನಲ್ಲಿ ಒಂದು ಗೇಣು ಉದ್ದಕ್ಕೆ ತಗಡೇ ಇಲ್ಲ, ಫೈಬರ್ ಹಾಳೆ ಅಂಟಿಸಿ ಮೇಲೆ ಕಪ್ಪು ಬಳಿದಿದ್ದಾರೆ.

ಮೂರನೇಗೇರ್:
ಎಪಾಕ್ಸಿ ಇರಲಿಲ್ಲ, ಅಲ್ಲವೇ? ಮೊದಲೇ ಹೇಳಿದ್ದೆ.

ತಗಡುಮೇಸ್ತ್ರಿ:
ಬರಿ ತಗಡೂ ಇರಲಿಲ್ಲ. ಬರಿ ತಗಡಿನ ಮೇಲೆ ಹಾಕಿದ್ದರೆ ಇದು ಆಗುತ್ತಲೇ ಇರಲಿಲ್ಲ. ನಾನು ಹೇಳಿದ್ದೂ ಅದನ್ನೇ.

ಮೂರನೇಗೇರ್:
ನೀವು ಅದನ್ನು ಎಲ್ಲಿ ಹೇಳಿದಿರಿ? ಆ ಸಾಲು ತೋರಿಸಿ.

ಬೀಟಲ್‌ಒಡೆಯ:
ಗ್ಯಾರೇಜಿಗೆ ಮತ್ತೆ ಕೊಡಲೋ ಬೇಡವೋ?

ಹಿಂದಿನಸೀಟು:
ಬೇಡ. ಫೈಬರ್ ಹಾಳೆಯ ಚಿತ್ರದೊಂದಿಗೆ ಅವರಿಗೆ ಪತ್ರ ಬರೆಯಿರಿ. ಇದು ಬಣ್ಣದ ಜಗಳವಲ್ಲ, ಮಾಡದ ಕೆಲಸಕ್ಕೆ ಹಣ ಪಡೆದ ಜಗಳ. ಹೊಸ ಚಾನೆಲ್ ಬೆಸೆಯುವವರನ್ನು ಮೊದಲು ಹುಡುಕಿ, ಬಣ್ಣದ ಮಾತು ಆಮೇಲೆ.

ಸೀಸಪ್ರೇಮಿ:
ಬೆಸೆದ ಮೇಲೆ ಜೋಡಣೆಗೆ ಸೀಸವನ್ನೇ ತುಂಬಿಸಿ.