ವೈನಿನ ರುಚಿ, ಘಮ ಗುರುತಿಸಿ ಹೇಳೋದು ಹೇಗೆ? ಅನುಭವ ಇರುವವರು ಹಂಚಿಕೊಳ್ಳಿ

ಪ್ರಶ್ನೆ

ನಂದಿ ಬೆಟ್ಟದ ಕಡೆ ಒಂದು ವೈನರಿಯ ಟೇಸ್ಟಿಂಗ್ ರೂಮಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೇನೆ. ಬಂದವರಿಗೆ ಐದಾರು ಬಗೆಯ ವೈನ್ ಸುರಿದುಕೊಟ್ಟು ಒಂದೊಂದರ ಬಗ್ಗೆ ಎರಡು ಮಾತು ಹೇಳಬೇಕು. ಕೈಗೆ ಕೊಟ್ಟ ಹಾಳೆಯಲ್ಲಿ ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ, ಸೀಡರ್ ಮರ ಅಂತೆಲ್ಲ ಇದೆ. ಇದರಲ್ಲಿ ಒಂದನ್ನೂ ನಾನು ಕಣ್ಣಲ್ಲಿ ಕಂಡಿಲ್ಲ. ಬಾಯಿಗೆ ಹಾಕಿದರೆ ಹುಳಿ, ಒಗರು ಬಿಟ್ಟು ಬೇರೇನೂ ಗೊತ್ತಾಗುತ್ತಿಲ್ಲ. ಬಂದವರಲ್ಲಿ ಬಹಳ ಜನ ಕನ್ನಡದಲ್ಲೇ ಕೇಳುತ್ತಾರೆ. ಯಾವ ಊರಿನದು, ಯಾವ ದ್ರಾಕ್ಷಿಯದು ಹೇಗಿರುತ್ತದೆ ಅನ್ನೋದನ್ನು ಎಲ್ಲಿಂದ ಶುರು ಮಾಡಲಿ? ದುಬಾರಿ ಕೋರ್ಸು ಸದ್ಯಕ್ಕೆ ಆಗಲ್ಲ.

ಬೆಂಗಳೂರಿನಿಂದ, ಹೋಟೆಲಿನಲ್ಲಿ ವೈನ್ ವಿಭಾಗ ನೋಡಿಕೊಂಡಿದ್ದವರು

ಹುಳಿ, ಒಗರು ಗೊತ್ತಾಗುತ್ತಿದೆ ಅಂದರೆ ಮುಖ್ಯವಾದದ್ದು ನಿಮಗೆ ಆಗಲೇ ಬಂದಿದೆ. ಹಣ್ಣಿನ ಹೆಸರು ಆಮೇಲೆ ನೋಡೋಣ. ಆ ಹಾಳೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಪ್ರತಿ ಗ್ಲಾಸಿಗೂ ಇಷ್ಟು ಕೇಳಿಕೊಳ್ಳಿ. ಹುಳಿ ಎಷ್ಟು? ಸಿಹಿ ಇದೆಯಾ? ಒಗರು ಎಷ್ಟು? ಗಂಟಲಲ್ಲಿ ಬಿಸಿ ಎಷ್ಟು? ರುಚಿ ಎಷ್ಟು ಹೊತ್ತು ಬಾಯಲ್ಲಿ ನಿಲ್ಲುತ್ತದೆ? ಹುಳಿ ಜಾಸ್ತಿ ಇದ್ದರೆ ಬಾಯಲ್ಲಿ ನೀರೂರುತ್ತದೆ. ಒಗರು ಅದಕ್ಕೆ ಉಲ್ಟಾ, ನಾಲಿಗೆ ಮತ್ತು ಒಸಡು ಒಣಗಿದ ಹಾಗಾಗುತ್ತದೆ. ಅದೇ ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುತ್ತದೆ, ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಕೆಂಪು ವೈನನ್ನು ಸಿಪ್ಪೆ ಸಮೇತ ಹುದುಗಿಸುತ್ತಾರೆ. ಬಿಳಿ ವೈನಿಗೆ ಮೊದಲೇ ರಸ ಹಿಂಡಿ ಸಿಪ್ಪೆ ತೆಗೆದುಬಿಡುತ್ತಾರೆ. ಅದಕ್ಕೇ ಬಿಳಿಯಲ್ಲಿ ಒಗರು ತೀರಾ ಕಡಿಮೆ. ಗಂಟಲಿನ ಬಿಸಿ ಆಲ್ಕೋಹಾಲಿನದು.

ಇದನ್ನು ಮನೆಯಲ್ಲೇ ಅಭ್ಯಾಸ ಮಾಡಬಹುದು. ಒಂದು ಲೋಟ ನೀರಿಗೆ ನಿಂಬೆರಸ, ಇನ್ನೊಂದಕ್ಕೆ ಸಕ್ಕರೆ, ಮೂರನೆಯದರಲ್ಲಿ ಹತ್ತು ನಿಮಿಷ ನೆನೆಸಿದ ಕಪ್ಪು ಚಹಾ, ಹಾಲು ಹಾಕದೆ. ಒಂದೊಂದನ್ನೂ ಬಾಯಲ್ಲಿ ಆಡಿಸಿ ಉಗಿಯಿರಿ. ಆಮೇಲೆ ನಿಂಬೆ ನೀರಿಗೆ ಸಕ್ಕರೆ ಬೆರೆಸಿ. ಹುಳಿ ಅಷ್ಟೇ ಇದೆ, ಆದರೆ ಕಡಿಮೆಯಾದಂತೆ ಅನಿಸುತ್ತದೆ, ಅಲ್ವಾ? ಜರ್ಮನಿಯ ಮೋಸೆಲ್ ಕಣಿವೆಯ ಸಿಹಿ ರೀಸ್ಲಿಂಗ್ (ಅದೇ ಹೆಸರಿನ ಬಿಳಿ ದ್ರಾಕ್ಷಿಯ ವೈನ್) ಕುಡಿದಾಗ ನಿಮಗೆ ಇದೇ ನೆನಪಾಗಬೇಕು. ಸಕ್ಕರೆ ಸಾಕಷ್ಟಿರುತ್ತದೆ, ಹುಳಿ ಚೂಪಾಗಿರುತ್ತದೆ, ಹಾಗಾಗಿ ಸಿಹಿ ಅತಿ ಅನಿಸುವುದಿಲ್ಲ.

ಇನ್ನೊಂದು ಗೊಂದಲ ಬಹಳ ಜನರಿಗಿದೆ. ಹಣ್ಣಿನ ಘಮ ಬಂದ ತಕ್ಷಣ ‘ಇದು ಸ್ವೀಟ್ ವೈನ್’ ಅನ್ನುತ್ತಾರೆ. ಮೂಗು ಹಿಡಿದು ಒಂದು ಗುಟುಕು ಕುಡಿಯಲು ಹೇಳಿ. ಆಗಲೂ ಸಿಹಿ ಬಂದರೆ ಸಕ್ಕರೆ ಇದೆ, ಇಲ್ಲದಿದ್ದರೆ ಅದು ಬರೀ ಘಮ. ಯುರೋಪಿನಲ್ಲಿ ಬಾಟಲಿಯ ಮೇಲೆ ಡ್ರೈ, ಅಂದರೆ ಸಿಹಿ ಇಲ್ಲದ್ದು, ಅಂತ ಬರೆಯಬೇಕಾದರೆ ಸಾಮಾನ್ಯವಾಗಿ ಲೀಟರಿಗೆ 4 ಗ್ರಾಂ ಒಳಗೆ ಸಕ್ಕರೆ ಇರಬೇಕು. ಹುಳಿ ಚೆನ್ನಾಗಿದ್ದರೆ 9 ಗ್ರಾಂವರೆಗೂ ಬಿಡುತ್ತಾರೆ.

ಈಗ ದ್ರಾಕ್ಷಿ, ಊರಿನ ವಿಷಯ. ಒಂದೇ ಗ್ಲಾಸು ಕುಡಿದು ಇದನ್ನು ಕಲಿಯೋಕೆ ಆಗಲ್ಲ. ಎರಡು ಗ್ಲಾಸು ಅಕ್ಕಪಕ್ಕ ಇರಬೇಕು, ಎರಡರ ನಡುವೆ ಆದಷ್ಟು ಒಂದೇ ವ್ಯತ್ಯಾಸ ಇರಬೇಕು. ನನ್ನ ಕೈಕೆಳಗೆ ಬಂದ ಹುಡುಗರಿಗೆ ಮೊದಲು ಇಡುತ್ತಿದ್ದದ್ದು ಸೊವಿನ್ಯೊ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿಯ ವೈನ್. ಒಂದು ನಾಶಿಕ್ಕಿನದು, ಪಕ್ಕದಲ್ಲಿ ನ್ಯೂಜಿಲೆಂಡಿನ ಮಾರ್ಲ್‌ಬರೋದ್ದು. ಮಾರ್ಲ್‌ಬರೋದ ಗ್ಲಾಸು ಮೂಗಿನ ಹತ್ತಿರ ಬರುವ ಮೊದಲೇ ಘಮ ಏಳುತ್ತದೆ. ಪ್ಯಾಶನ್ ಫ್ರೂಟ್, ಚಕ್ಕೋತದ ಸಿಪ್ಪೆ, ಅದರ ಬೆನ್ನಿಗೇ ಆಗಷ್ಟೇ ಹೆಚ್ಚಿದ ದೊಣ್ಣೆ ಮೆಣಸಿನಕಾಯಿ. ನೀವಿರೋದು ದೇವನಹಳ್ಳಿ ಹತ್ತಿರ, ಚಕ್ಕೋತ ನಿಮಗೆ ಹೇಳಿಕೊಡಬೇಕಾಗಿಲ್ಲ. ಹಣ್ಣಿನ ಘಮಕ್ಕೆ ಥಯಾಲ್ ಎಂಬ ವಸ್ತುಗಳು ಕಾರಣ, ಹಸಿ ಮೆಣಸಿನಕಾಯಿಯದಕ್ಕೆ ಪೈರಜೀನ್. ತರಕಾರಿಯಲ್ಲಿ ಇರುವುದೂ ಅದೇ ಪೈರಜೀನ್. ಹಣ್ಣಿಗೆ ಬಿಸಿಲು ಬಿದ್ದು ಬಲಿತಷ್ಟೂ ಅದು ಇಳಿಯುತ್ತದೆ. ಬಿಸಿಲೂರಿನ ಗ್ಲಾಸಿನಲ್ಲಿ ಹಸಿರು ಘಮ ಕಡಿಮೆ ಸಿಕ್ಕರೆ ಆಶ್ಚರ್ಯ ಇಲ್ಲ.

ಇದೇ ಘಮ ಕ್ಯಾಬರ್ನೆ ಸೊವಿನ್ಯೊ ಎಂಬ ಕೆಂಪು ದ್ರಾಕ್ಷಿಯಲ್ಲೂ ಇಣುಕುತ್ತದೆ. ಇವೆರಡೂ ಒಂದೇ ಮನೆಯವು. ಸೊವಿನ್ಯೊ ಬ್ಲಾಂಕ್ ಮತ್ತು ಕ್ಯಾಬರ್ನೆ ಫ್ರಾಂಕ್ ಕೂಡಿ ಕ್ಯಾಬರ್ನೆ ಸೊವಿನ್ಯೊ ಹುಟ್ಟಿತು ಅಂತ ಕ್ಯಾಲಿಫೋರ್ನಿಯಾದ ಡೇವಿಸ್‌ನ ವಿಜ್ಞಾನಿಗಳು ಡಿಎನ್‌ಎ ನೋಡಿ 1997ರಲ್ಲಿ ಪ್ರಕಟಿಸಿದರು.

ಎರಡನೇ ಜೋಡಿ ಶಾರ್ಡನೆ, ಇದೂ ಬಿಳಿ ದ್ರಾಕ್ಷಿ. ಫ್ರಾನ್ಸಿನ ಶಬ್ಲಿಯದು ಒಂದು, ಓಕ್ ಮರದ ಪೀಪಾಯಿಯಲ್ಲಿಟ್ಟ ಕ್ಯಾಲಿಫೋರ್ನಿಯಾದ್ದು ಒಂದು. ಶಬ್ಲಿ ತೆಳ್ಳಗೆ, ಹುಳಿ ಮುಂದೆ, ಹಸಿರು ಸೇಬು, ನಿಂಬೆ. ಇನ್ನೊಂದರಲ್ಲಿ ಬೆಣ್ಣೆ, ವೆನಿಲಾ, ಬಾಯಿ ತುಂಬುವ ದಪ್ಪ. ಬೆಣ್ಣೆ ದ್ರಾಕ್ಷಿಯಿಂದ ಬಂದದ್ದಲ್ಲ. ಚೂಪಾದ ಮ್ಯಾಲಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಮೆತ್ತಗಿನ ಲ್ಯಾಕ್ಟಿಕ್ ಆಮ್ಲ ಮಾಡುವಾಗ ಹುಟ್ಟುವ ಡೈಅಸೆಟೈಲ್‌ನಿಂದ ಬಂದದ್ದು. ವೆನಿಲಾ, ಲವಂಗ ಪೀಪಾಯಿಯ ಕೊಡುಗೆ. ಅಮೆರಿಕದ ಓಕ್ ಆದರೆ ಕೊಬ್ಬರಿ ಘಮವೂ ಜಾಸ್ತಿ. ಈ ಜೋಡಿ ಒಮ್ಮೆ ನೋಡಿದರೆ ಯಾವುದು ದ್ರಾಕ್ಷಿಯ ಘಮ, ಯಾವುದು ತಯಾರಿಯ ಘಮ ಅಂತ ಬೇರೆ ಮಾಡಲು ಬರುತ್ತದೆ. ಶಬ್ಲಿಯ ಬಗ್ಗೆ ಓದಿದರೆ ‘ಕಲ್ಲಿನ ರುಚಿ’ ಅಂತ ಸಿಗುತ್ತದೆ. ಅಲ್ಲಿನ ಸುಣ್ಣದ ಮಣ್ಣಿನಲ್ಲಿ ಪುಟ್ಟ ಸಿಂಪಿಗಳ ಪಳೆಯುಳಿಕೆ ಇರೋದು ನಿಜ. ಅದು ಬೇರಿನಿಂದ ಏರಿ ನೇರ ಗ್ಲಾಸಿಗೆ ಬರುತ್ತದೆ ಅಂತ ಮಾತ್ರ ಬಂದವರಿಗೆ ಹೇಳಬೇಡಿ.

ಹಳೆಯ ರೀಸ್ಲಿಂಗ್ ಸಿಕ್ಕರೆ ಬಿಡಬೇಡಿ. ಸೀಮೆಎಣ್ಣೆ ವಾಸನೆ ಬರುತ್ತದೆ, ನಿಜವಾಗಲೂ. ಟಿಡಿಎನ್ ಎಂಬ ವಸ್ತು ಅದಕ್ಕೆ ಕಾರಣ, ಅದು ಕೆಟ್ಟ ಲಕ್ಷಣ ಅಲ್ಲ.

ಖರ್ಚಿನ ಮಾತು: ನೀವು ವೈನರಿಯಲ್ಲೇ ಇದ್ದೀರಿ. ಸಂಜೆ ತೆರೆದ ಬಾಟಲಿಗಳಲ್ಲಿ ಉಳಿದದ್ದನ್ನು ಕೇಳಿ ಪಡೆಯಿರಿ. ಹೊರದೇಶದ ಬಾಟಲಿಗೆ ಜೊತೆಗಾರರು ನಾಲ್ಕೈದು ಜನ ದುಡ್ಡು ಹಾಕಿ. ಒಬ್ಬರಿಗೆ 50 ಎಂಎಲ್ ಸಾಕು. ಒಂದು ಬಾಟಲಿಯಲ್ಲಿ ಅಂಥ 15 ಅಳತೆ ಬರುತ್ತದೆ.

ಅಡಿಲೇಡ್‌ನಿಂದ

ಶಿರಾಜ್ ಎಂಬ ಕೆಂಪು ದ್ರಾಕ್ಷಿಯ ಬಗ್ಗೆ ನಾನು ಸೇರಿಸುತ್ತೇನೆ, ಇಲ್ಲಿ ಅದರ ತೋಟಗಳ ನಡುವೆಯೇ ಇದ್ದೇನೆ. ಫ್ರಾನ್ಸಿನಲ್ಲಿ ಸಿರಾ, ಇಲ್ಲಿ ಶಿರಾಜ್, ದ್ರಾಕ್ಷಿ ಒಂದೇ. ಬರೋಸಾ ಕಣಿವೆಯಲ್ಲಿ 1843ರಲ್ಲಿ ನೆಟ್ಟದ್ದು ಅನ್ನುವ ಶಿರಾಜ್ ಬಳ್ಳಿಗಳು ಇವತ್ತಿಗೂ ಹಣ್ಣು ಕೊಡುತ್ತಿವೆ. ಯುರೋಪಿನ ತೋಟಗಳನ್ನು ನಾಶ ಮಾಡಿದ ಫಿಲಾಕ್ಸೆರಾ ಕೀಟ ದಕ್ಷಿಣ ಆಸ್ಟ್ರೇಲಿಯಾಕ್ಕೆ ಕಾಲಿಟ್ಟಿಲ್ಲ. ಆ ಬಳ್ಳಿಗಳನ್ನು ಹತ್ತಿರದಿಂದ ನೋಡಿದರೆ ಕಾಂಡ ನನ್ನ ತೊಡೆಗಿಂತ ದಪ್ಪ. ತೊಗಟೆ ಸುಲಿದು ಜೋತಾಡುತ್ತಿರುತ್ತದೆ, ಗೊಂಚಲು ಬೆರಳೆಣಿಕೆಯಷ್ಟು. ನೋಡುತ್ತಾ ನಿಂತರೆ ಗೌರವ ಬರುತ್ತದೆ.

ಬರೋಸಾದ ಶಿರಾಜ್ ಗಾಢ ಬಣ್ಣ, ಚೆನ್ನಾಗಿ ಹಣ್ಣಾದ ನೇರಳೆ, ಚಾಕೊಲೇಟ್, ಆಲ್ಕೋಹಾಲ್ 14–15 ಶೇಕಡಾ. ಅದರ ಪಕ್ಕ ಫ್ರಾನ್ಸಿನ ರೋನ್ ಕಣಿವೆಯ ಉತ್ತರ ಭಾಗದ ಕ್ರೋಜ್ ಎರ್ಮಿತಾಜ್ ಎಂಬ ಜಾಗದ ಸಿರಾ ಇಡಿ. ಅಲ್ಲಿ ಚಳಿ ಜಾಸ್ತಿ. ಮೈ ಹಗುರ, ಹುಳಿ ಎದ್ದು ಕಾಣುತ್ತದೆ, ಕಾಳುಮೆಣಸು ಘಂ ಅನ್ನುತ್ತದೆ. ಇದನ್ನು ಹೋಲಿಕೆ ಅಂದುಕೊಳ್ಳಬೇಡಿ. ಆ ಘಮದ ವಸ್ತು ರೊಟಂಡೋನ್. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಅದನ್ನು ಗುರುತಿಸಿದಾಗ ಶಿರಾಜ್‌ನಲ್ಲೂ ಕಾಳುಮೆಣಸಿನಲ್ಲೂ ಇರೋದು ಅದೇ ಅಂತ ಖಚಿತವಾಯಿತು. ಮಲೆನಾಡಿನ ಮೆಣಸನ್ನು ಕುಟ್ಟಿದಾಗ ಏಳುವ ಘಮ, ರೋನ್ ಕಣಿವೆಯ ಗ್ಲಾಸಿನ ಘಮ ಎರಡಕ್ಕೂ ಮೂಲ ಒಂದೇ!

ಆ ಸಂಶೋಧಕರು ಜನರಿಗೆ ಮೂಸಲು ಕೊಟ್ಟು ನೋಡಿದಾಗ ಐದರಲ್ಲಿ ಒಬ್ಬರಿಗೆ ಈ ಘಮ ತಿಳಿಯಲೇ ಇಲ್ಲ. ಪಕ್ಕದವರು ‘ಮೆಣಸು ಮೆಣಸು’ ಅಂದಾಗ ನಿಮಗೆ ಬರದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮಲ್ಲಿ ಬಂದ ಅತಿಥಿಗೆ ಬರದಿದ್ದರೆ ಒತ್ತಾಯವೂ ಮಾಡಬೇಡಿ.

ವಿಜಯಪುರದಿಂದ, ದ್ರಾಕ್ಷಿ ಬೆಳೆಗಾರರು

ತಂಗಿ, ಗ್ಲಾಸು ಹಿಡಿಯುವ ಮೊದಲು ತೋಟಕ್ಕೆ ಹೋಗು. ಕೊಯ್ಲಿನ ಹೊತ್ತಿಗೆ ಒಂದು ಕಾಳು ಬಾಯಿಗೆ ಹಾಕಿಕೊಂಡು ಮೊದಲು ರಸ ನುಂಗು. ಆಮೇಲೆ ಸಿಪ್ಪೆಯನ್ನು ಬೇರೆಯಾಗಿ ಅಗಿ. ಕೊನೆಗೆ ಬೀಜ ಕಚ್ಚಿ ನೋಡು. ಹಸಿರು ಬೀಜ ಕಹಿಯೂ ಒಗರೂ ಇರುತ್ತದೆ. ಕಂದು ಬಣ್ಣಕ್ಕೆ ತಿರುಗಿ ಕಟುಕ್ ಅಂತ ಮುರಿದರೆ ಬಲಿತಿದೆ ಅಂತ ಅರ್ಥ. ಮೇಲಿನವರು ಹೇಳಿದ ಟ್ಯಾನಿನ್ ನಾಲಿಗೆಗೆ ಕೂಡಲೇ ಗೊತ್ತಾಗುತ್ತದೆ.

ನಮ್ಮ ಕಡೆ ಒಣದ್ರಾಕ್ಷಿಗೆ ಬೆಳೆಯುವ ಥಾಮ್ಸನ್‌ಗೆ ಬೀಜ ಇಲ್ಲ, ಸಿಪ್ಪೆ ತೆಳು. ವೈನ್ ದ್ರಾಕ್ಷಿ ಕಾಳು ಸಣ್ಣದು, ಸಿಪ್ಪೆ ದಪ್ಪ. ಸಕ್ಕರೆಯನ್ನು ಬ್ರಿಕ್ಸ್ ಮೀಟರಿನಲ್ಲಿ ನೋಡುತ್ತೇವೆ, ಬ್ರಿಕ್ಸ್ ಅಂದರೆ ರಸದಲ್ಲಿರುವ ಸಕ್ಕರೆಯ ಅಳತೆ. 24 ಬ್ರಿಕ್ಸ್ ಬಂದ ಹಣ್ಣನ್ನು ಪೂರ್ತಿ ಹುದುಗಿಸಿದರೆ ಆಲ್ಕೋಹಾಲ್ ಸುಮಾರು 13–14 ಶೇಕಡಾ ಆಗುತ್ತದೆ.

ಇನ್ನೊಂದು ಮಾತು. ಯುರೋಪಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕೊಯ್ಲು, ಆಗ ಹವೆ ತಣ್ಣಗಾಗುತ್ತಾ ಹೋಗುತ್ತದೆ. ನಮ್ಮಲ್ಲಿ ಬಳ್ಳಿ ಅಲ್ಲಿಯ ಹಾಗೆ ಚಳಿಗಾಲದಲ್ಲಿ ಮಲಗುವುದೇ ಇಲ್ಲ. ಏಪ್ರಿಲ್‌ನಲ್ಲಿ ಒಂದು ಚಾಟ್ನಿ (ಬಳ್ಳಿಯ ಕೊಂಬೆ ಕತ್ತರಿಸೋದು), ಮಳೆ ಮುಗಿಯುವ ಹೊತ್ತಿಗೆ ಇನ್ನೊಂದು ಚಾಟ್ನಿ ಮಾಡಿ ಫೆಬ್ರುವರಿ, ಮಾರ್ಚ್‌ನಲ್ಲಿ ಹಣ್ಣು ಇಳಿಸುತ್ತೇವೆ. ಹಣ್ಣು ಬಲಿಯುವಾಗಲೇ ಬಿಸಿಲು ಏರುತ್ತದೆ. ಬಿಸಿಲಿಗೆ ಮ್ಯಾಲಿಕ್ ಹುಳಿ ಕರಗಿಹೋಗುತ್ತದೆ. ಹುಳಿ ಉಳಿಸಿಕೊಂಡು ಹಣ್ಣು ಮಾಡೋದೇ ನಮ್ಮ ದೊಡ್ಡ ಕೆಲಸ. ನಿಮ್ಮ ನಂದಿ ಕಡೆ ಎತ್ತರ ಇದೆ, ರಾತ್ರಿ ತಂಪು ಇದೆ. ಬಂದವರಿಗೆ ಇದನ್ನು ಹೇಳು, ರೈತನ ಶ್ರಮವೂ ಅವರಿಗೆ ತಿಳಿಯಲಿ.

ಮೈಸೂರಿನಿಂದ

ತಲೆಗೆ ಮಲ್ಲಿಗೆ ಮುಡಿದು ಟೇಸ್ಟಿಂಗ್ ರೂಮಿಗೆ ಹೋಗಬೇಡಿ. ಸೆಂಟು ಬೇಡ, ಊದುಬತ್ತಿ ಬೇಡ. ಇಂಗಿನ ಒಗ್ಗರಣೆ ಹಾಕಿದ ಊಟ ಮಾಡಿದ ಕೂಡಲೇ ಗ್ಲಾಸು ಹಿಡಿಯಬೇಡಿ.

ತಂಪಿನ ಅಳತೆ ಕೂಡ ಮುಖ್ಯ. ಬೇಸಿಗೆಯಲ್ಲಿ ರೂಮು 30 ಡಿಗ್ರಿ ಇರುವಾಗ ಕೆಂಪು ವೈನ್ ಹಾಗೇ ಸುರಿದರೆ ಆಲ್ಕೋಹಾಲ್ ಒಂದೇ ಮೂಗಿಗೆ ಹೊಡೆಯುತ್ತದೆ. ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು 16–18 ಡಿಗ್ರಿಗೆ ತನ್ನಿ. ಬಿಳಿಯನ್ನು ಫ್ರಿಜ್ಜಿನಿಂದ ತೆಗೆದ ತಕ್ಷಣ ಮೂಸಿದರೆ ಘಮ ಏಳುವುದಿಲ್ಲ, ಹತ್ತು ನಿಮಿಷ ಬಿಡಿ.

ಕಣ್ಣನ್ನು ಪೂರ್ತಿ ನಂಬಬೇಡಿ. ಫ್ರಾನ್ಸಿನ ಬೋರ್ಡೋದಲ್ಲಿ ನಡೆದ, 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬಿಳಿ ವೈನಿಗೆ ವಾಸನೆ ಇಲ್ಲದ ಕೆಂಪು ಬಣ್ಣ ಹಾಕಿ ವೈನ್ ಓದುತ್ತಿದ್ದ 54 ಜನರಿಗೆ ಕೊಟ್ಟರು. ಅವರು ಕೆಂಪು ವೈನಿಗೆ ಬಳಸುವ ಪದಗಳನ್ನೇ ಬಳಸಿದರು. ಅದಕ್ಕೇ ಜೊತೆಗಾರರಿಗೆ ಹೇಳಿ ಬಾಟಲಿ ಮುಚ್ಚಿಟ್ಟು ಸುರಿಸಿಕೊಳ್ಳಿ, ಮೊದಲು ನೀವೇ ಬರೆಯಿರಿ, ಆಮೇಲೆ ಹಾಳೆ ನೋಡಿ.

ಕೆಟ್ಟ ವೈನನ್ನೂ ಗುರುತಿಸಬೇಕು. ಮಳೆಗಾಲದಲ್ಲಿ ಒದ್ದೆಯಾದ ರಟ್ಟಿನ ಡಬ್ಬದ ಮುಗ್ಗಲು ವಾಸನೆ ಬಂದರೆ ಅದು ಬಾಟಲಿಯ ಕಾರ್ಕ್ ಬಿರಡೆಯಿಂದ ಬರುವ ಟಿಸಿಎ ಎಂಬ ವಸ್ತು. ನೇಲ್ ಪಾಲಿಶ್ ವಾಸನೆ, ವಿನೆಗರ್ ಹುಳಿ ಬಂದರೂ ಬಾಟಲಿ ಬದಲಿಸಿ. ಮತ್ತೆ, ಕೆಲಸದಲ್ಲಿ ಉಗಿಯೋದಕ್ಕೆ ಸಂಕೋಚ ಬೇಡ. ಈ ವೃತ್ತಿಯಲ್ಲಿ ಎಲ್ಲರೂ ಉಗಿಯುತ್ತಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿಂಬೆ, ಚಹಾ ಪ್ರಯೋಗ ಇವತ್ತೇ ಮಾಡುತ್ತೇನೆ. ಇನ್ನೊಂದು ಕೇಳಲಾ? ಸುತ್ತಮುತ್ತ ಎಲ್ಲ ಬೆಂಗಳೂರು ಬ್ಲೂ ಬೆಳೆಯುತ್ತಾರೆ, ಅದರಲ್ಲಿ ಯಾಕೆ ಈ ವೈನ್ ಮಾಡಲ್ಲ ಅಂತ ಊರಿನವರು ಕೇಳುತ್ತಾರೆ. ಏನು ಹೇಳಲಿ? ಮತ್ತೆ, ಹೇಳುವ ಮಾತು ಎಷ್ಟು ಉದ್ದ ಇರಬೇಕು?

ಬೆಂಗಳೂರಿನಿಂದ, ಮತ್ತೆ

ಒಳ್ಳೆ ಪ್ರಶ್ನೆ. ಶಿರಾಜ್, ಶಾರ್ಡನೆ, ಕ್ಯಾಬರ್ನೆ ಎಲ್ಲ ವಿಟಿಸ್ ವಿನಿಫೆರಾ ಜಾತಿ. ಬೆಂಗಳೂರು ಬ್ಲೂ ಅಮೆರಿಕದ ಲಬ್ರುಸ್ಕಾ ಎಂಬ ಬೇರೆ ಜಾತಿಯ ಕಡೆಯದು. ಅದರ ಜೋರು ಘಮಕ್ಕೆ ಮೀಥೈಲ್ ಆಂಥ್ರಾನಿಲೇಟ್ ಕಾರಣ. ದ್ರಾಕ್ಷಿ ಫ್ಲೇವರಿನ ಚಾಕೊಲೇಟು, ಜೆಲ್ಲಿಗೆ ಹಾಕುವುದೂ ಅದನ್ನೇ. ಜ್ಯೂಸಿಗೆ, ಜಾಮಿಗೆ, ಸಿಹಿ ಪೋರ್ಟ್ ಬಗೆಯ ವೈನಿಗೆ ಅದು ಒಗ್ಗುತ್ತದೆ. ಡ್ರೈ ವೈನಿನಲ್ಲಿ ಆ ಘಮ ಬೇರೆಲ್ಲವನ್ನೂ ಮುಚ್ಚಿಬಿಡುತ್ತದೆ. ಅದನ್ನು ಕೀಳು ಅಂತ ಮಾತ್ರ ಹೇಳಬೇಡಿ. ಜಿಐ (ಒಂದು ಪ್ರದೇಶದ ವಿಶೇಷ ಬೆಳೆಗೆ ಕೊಡುವ) ಗುರುತು ಪಡೆದ ಬೆಳೆ, ನಿಮ್ಮೆದುರು ನಿಂತವರು ಅದನ್ನೇ ಬೆಳೆಯುವವರಾಗಿರಬಹುದು. ಒಂದು ಗೊಂಚಲು ತರಿಸಿ ಶಿರಾಜ್ ಗ್ಲಾಸಿನ ಪಕ್ಕ ಇಟ್ಟು ಮೂಸಲು ಕೊಡಿ, ವ್ಯತ್ಯಾಸ ಅವರಿಗೇ ತಿಳಿಯುತ್ತದೆ.

ಉದ್ದದ ಬಗ್ಗೆ: ಒಂದು ಗ್ಲಾಸಿಗೆ ಅರ್ಧ ನಿಮಿಷ. ಮೊದಲು ಬಾಯಿಗೆ ಸಿಗುವುದು, ಆಮೇಲೆ ಒಂದೆರಡು ಘಮ, ಕೊನೆಗೆ ಊಟ. ಹೀಗೆ:

‘ಇದು ನಮ್ಮ ತೋಟದ ಶಿರಾಜ್, ಡ್ರೈ, ಸಿಹಿ ಇಲ್ಲ. ಹುಳಿ ಹದವಾಗಿದೆ, ಒಗರು ಮೆತ್ತಗಿದೆ. ನನಗೆ ಮೊದಲು ನೇರಳೆ ಹಣ್ಣು ಸಿಗುತ್ತದೆ, ಆಮೇಲೆ ಕಾಳುಮೆಣಸು. ಪೀಪಾಯಿಯಲ್ಲಿ ಇಟ್ಟಿದ್ದರಿಂದ ಸ್ವಲ್ಪ ಲವಂಗ. ಮಟನ್ ಚಾಪ್ಸ್ ಜೊತೆ ಚೆನ್ನಾಗಿರುತ್ತದೆ, ಸಸ್ಯಾಹಾರಿ ಆದರೆ ಸುಟ್ಟ ಬದನೆಕಾಯಿ. ನಿಮಗೆ ಏನು ಸಿಕ್ಕಿತು ಹೇಳಿ.’

ಅವರು ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ವೈನಿನ ಹೆಸರು, ವರ್ಷದ ಜೊತೆ. ಬೇರೆ ಬೇರೆ ಜನ ಒಂದೇ ವೈನಿಗೆ ಅದೇ ಹಣ್ಣನ್ನು ಹೇಳುತ್ತಿದ್ದರೆ, ಹಾಳೆಯಲ್ಲಿರುವ ಬ್ಲ್ಯಾಕ್‌ಕರಂಟ್ ಜಾಗದಲ್ಲಿ ಅದನ್ನೇ ಬರೆಸಲು ನಿಮ್ಮ ಮೇಲಿನವರನ್ನು ಕೇಳಿ.